ಸೈನ್ಯದ ಖರ್ಚು, ಊರಿನ ನೀರು: ಬಜೆಟ್ ಬಗ್ಗೆ ನಮ್ಮ ಮೂರು ಜಿಲ್ಲೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಾಲೇಜುಗಳಲ್ಲಿ, ಗ್ರಾಮಸಭೆಗಳಲ್ಲಿ, ಸ್ತ್ರೀಶಕ್ತಿ ಸಂಘಗಳಲ್ಲಿ ಬಜೆಟ್ ವಿಷಯ ಎತ್ತಿದರೆ ಮಾತು ಬೇಗ ಸೈನ್ಯದ ಕಡೆ ತಿರುಗುತ್ತದೆ. ಕೆಲವರಿಗೆ ಆ ಖರ್ಚು ಜಾಸ್ತಿ ಅನ್ನಿಸುತ್ತದೆ, ಕೆಲವರಿಗೆ ಸಾಲದು ಅನ್ನಿಸುತ್ತದೆ. ಜನ ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಲ್ಲಿ ಹಾಕಿದ್ದೇನೆ. ಬೇರೆ ವರ್ಷ ಅಂತ ಹೇಳದ ಕಡೆ ಅಂಕಿಗಳು 2025-26ರ ಕೇಂದ್ರ ಬಜೆಟ್‌ನವು.

## ಮೊದಲು ತಿಳಿಯಬೇಕಾದದ್ದು

ದೇಶ ಒಂದು ವರ್ಷಕ್ಕೆ ಸೈನ್ಯಕ್ಕೆ ಎಷ್ಟು ಖರ್ಚು ಮಾಡುತ್ತೆ ಸರ್? ಸುಮ್ನೆ ಒಂದು ಅಂಕಿ ಹೇಳಿ ಸಾಕು.

6.81 ಲಕ್ಷ ಕೋಟಿ ರೂಪಾಯಿ. ಕೇಂದ್ರದ ಒಟ್ಟು ಬಜೆಟ್ 50.65 ಲಕ್ಷ ಕೋಟಿ. ಅಂದರೆ ಕೇಂದ್ರ ಸರ್ಕಾರ ಖರ್ಚು ಮಾಡುವ ಪ್ರತಿ ನೂರು ರೂಪಾಯಿಯಲ್ಲಿ ಸುಮಾರು ಹದಿಮೂರೂವರೆ ರೂಪಾಯಿ ರಕ್ಷಣಾ ಸಚಿವಾಲಯಕ್ಕೆ. ಬೇರೆ ಯಾವ ಸಚಿವಾಲಯಕ್ಕೂ ಇಷ್ಟು ದೊಡ್ಡ ಪಾಲು ಇಲ್ಲ. ಆದರೆ ಇದಕ್ಕಿಂತ ದೊಡ್ಡ ಖರ್ಚು ಒಂದಿದೆ, ಅದು ಹಳೆಯ ಸಾಲದ ಬಡ್ಡಿ. ಅದು 12.76 ಲಕ್ಷ ಕೋಟಿ, ರಕ್ಷಣೆಯ ಹತ್ತಿರ ಹತ್ತಿರ ಎರಡು ಪಟ್ಟು. ಸೈನ್ಯದ ಖರ್ಚಿನ ಬಗ್ಗೆ ಜಗಳವಾಡುವವರು ಬಡ್ಡಿಯ ಸಾಲನ್ನೂ ಒಮ್ಮೆ ನೋಡಬೇಕು ಅಂತ ನನ್ನ ಆಸೆ.

ಅಷ್ಟೂ ದುಡ್ಡು ವಿಮಾನ, ಕ್ಷಿಪಣಿಗೇ ಹೋಗುತ್ತಾ?

ಇಲ್ಲ. ಬಹಳ ಜನ ಇಲ್ಲೇ ತಪ್ಪು ತಿಳಿದಿದ್ದಾರೆ. ಅರ್ಧಕ್ಕಿಂತ ಜಾಸ್ತಿ ಹೋಗುವುದು ಮನುಷ್ಯರಿಗೆ. ಮೂರೂ ಪಡೆಗಳ ಸಂಬಳ, ಭತ್ಯೆಗೆ 1.97 ಲಕ್ಷ ಕೋಟಿ. ಪಿಂಚಣಿಗೆ 1.61 ಲಕ್ಷ ಕೋಟಿ; ಇದನ್ನು ಪಡೆಯುವವರು 34 ಲಕ್ಷಕ್ಕೂ ಹೆಚ್ಚು ಜನ. ಇಂಧನ, ಬಿಡಿಭಾಗ, ಮದ್ದುಗುಂಡು, ರಿಪೇರಿ, ಪಡಿತರಕ್ಕೆ 1.14 ಲಕ್ಷ ಕೋಟಿ. ಹೊಸ ವಿಮಾನ, ಹಡಗು, ಟ್ಯಾಂಕ್, ರಾಡಾರ್, ಜೊತೆಗೆ ಸಂಶೋಧನೆ, ಕಟ್ಟಡದಂಥ ಬಂಡವಾಳ ವೆಚ್ಚಕ್ಕೆ 1.80 ಲಕ್ಷ ಕೋಟಿ. ಉಳಿದದ್ದು ಸಚಿವಾಲಯದ ನಾಗರಿಕ ವಿಭಾಗಕ್ಕೆ. ಕರಾವಳಿ ಕಾವಲು ಪಡೆಯ, ಗಡಿ ರಸ್ತೆಗಳ ಖರ್ಚೂ ಅದರಲ್ಲೇ ಸೇರುತ್ತದೆ.

ಒಟ್ಟಿನಲ್ಲಿ ಹೊಸ ಸಲಕರಣೆಯೂ ಸೇರಿದ ಬಂಡವಾಳ ವೆಚ್ಚಕ್ಕೆ ಸಿಗುವುದು ನೂರಕ್ಕೆ ಇಪ್ಪತ್ತಾರು ರೂಪಾಯಿ. ‘ರಕ್ಷಣಾ ಬಜೆಟ್ ಏರಿತು’ ಅಂತ ಸುದ್ದಿ ಬಂದಾಗ ಯಾವ ಭಾಗ ಏರಿತು ಅಂತ ಮೊದಲು ಕೇಳಬೇಕು. ತುಟ್ಟಿಭತ್ಯೆ ಹೆಚ್ಚಾದರೂ ಒಟ್ಟು ಅಂಕಿ ಏರುತ್ತದೆ. ಅದರಿಂದ ಗಡಿಯಲ್ಲಿ ಒಂದು ಹೊಸ ರಾಡಾರ್ ನಿಲ್ಲುವುದಿಲ್ಲ.

ಒಬ್ಬರು ಶೇ 2 ಅಂತಾರೆ, ಇನ್ನೊಬ್ಬರು ಶೇ 13 ಅಂತಾರೆ. ಯಾರು ಸುಳ್ಳು ಹೇಳ್ತಿರೋದು?

ಯಾರೂ ಅಲ್ಲ. ಶೇ 13 ಅನ್ನುವುದು ಕೇಂದ್ರ ಬಜೆಟ್‌ನಲ್ಲಿ ರಕ್ಷಣೆಯ ಪಾಲು. ಶೇ 2ರ ಹತ್ತಿರ ಅನ್ನುವುದು (ಸರಿಯಾಗಿ ಹೇಳಿದರೆ ಶೇ 1.9) ದೇಶದ ಒಟ್ಟು ಉತ್ಪನ್ನ, ಅಂದರೆ ಜಿಡಿಪಿಯಲ್ಲಿ ಅದರ ಪಾಲು. ಸರ್ಕಾರ ತನ್ನ ದುಡ್ಡನ್ನು ಹೇಗೆ ಹಂಚುತ್ತದೆ ಅಂತ ತಿಳಿಯಲು ಮೊದಲನೆಯದು ಬೇಕು. ಬೇರೆ ದೇಶಗಳ ಜೊತೆ ಹೋಲಿಸಲು ಎರಡನೆಯದು. ಒಂದನ್ನು ಹಿಡಿದು ಇನ್ನೊಂದರ ಜೊತೆ ಹೋಲಿಸಿದರೆ ವಾದ ದಾರಿ ತಪ್ಪುತ್ತದೆ. ಶಿಕ್ಷಣಕ್ಕೆ ಬೇಕು ಅಂತ ಕೇಳುವ ‘ಶೇ 6’ ಜಿಡಿಪಿಯ ಲೆಕ್ಕ. ಅದನ್ನು ರಕ್ಷಣೆಯ ‘ಶೇ 13’ರ ಪಕ್ಕ ಇಟ್ಟು ಕೂಗಾಡುವುದನ್ನು ಕೇಳಿದಾಗ ಬೇಸರವಾಗುತ್ತದೆ.

ನಾನು ಕಟ್ಟೋ ತೆರಿಗೆಯಲ್ಲಿ ಸೈನ್ಯಕ್ಕೆ ಅಂತ ಬೇರೆ ಪಾಲು ತೆಗೆದಿಡ್ತಾರಾ?

ಹಾಗೇನೂ ಇಲ್ಲ. ಸೋಪಿನ ಮೇಲಿನ ಜಿಎಸ್‌ಟಿಯಲ್ಲಿ ಕೇಂದ್ರದ ಪಾಲು, ಡೀಸೆಲ್ ಮೇಲಿನ ಅಬಕಾರಿ ಸುಂಕ, ಆದಾಯ ತೆರಿಗೆ ಎಲ್ಲವೂ ಕೇಂದ್ರದ ಸಂಚಿತ ನಿಧಿಗೆ ಸೇರುತ್ತವೆ. ಸಂಸತ್ತು ಒಪ್ಪಿದ ಮೇಲೆ ಅಲ್ಲಿಂದ ಖರ್ಚಿಗೆ ತೆಗೆಯುತ್ತಾರೆ. ಆದಾಯ ತೆರಿಗೆಯ ಮೇಲೆ ಶೇ 4 ಸೆಸ್ ಇದೆ, ಅದು ಆರೋಗ್ಯ ಮತ್ತು ಶಿಕ್ಷಣದ ಹೆಸರಿನದು. ರಕ್ಷಣೆಯ ಹೆಸರಿನಲ್ಲಿ ಆದಾಯ ತೆರಿಗೆಯ ಮೇಲೆ ಅಂಥದ್ದಿಲ್ಲ.

ಒಂದು ವಿಷಯ ನೆನಪಿರಲಿ. 50.65 ಲಕ್ಷ ಕೋಟಿಯ ಬಜೆಟ್‌ನಲ್ಲಿ 15.69 ಲಕ್ಷ ಕೋಟಿ ಸಾಲದ ಹಣ. ನೂರಕ್ಕೆ ಮೂವತ್ತೊಂದು ರೂಪಾಯಿ. ಇವತ್ತು ಕೊಳ್ಳುವ ಫಿರಂಗಿಯಾಗಲಿ, ಹಾಕುವ ರಸ್ತೆಯಾಗಲಿ, ಒಂದು ಭಾಗವನ್ನು ನಮ್ಮ ಮಕ್ಕಳು ತೀರಿಸುತ್ತಾರೆ.

‘ದಿನಕ್ಕೆ ಒಂದು ರೂಪಾಯಿ ಹಾಕಿ, ಸೈನ್ಯ ಶಸ್ತ್ರ ಕೊಳ್ಳುತ್ತೆ’ ಅಂತ ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ಹಾಕಲಾ?

ಆ ಸಂದೇಶ ಸುಳ್ಳು. ಗಡಿಯಲ್ಲಿ ಏನಾದರೂ ಆದಾಗಲೆಲ್ಲ ಮತ್ತೆ ಓಡಾಡಲು ಶುರುವಾಗುತ್ತದೆ. ಸರ್ಕಾರವೇ ಅದನ್ನು ಅಲ್ಲಗಳೆದಿದೆ. ಶಸ್ತ್ರ ಕೊಳ್ಳುವುದು ಬಜೆಟ್ ಹಣದಿಂದ. ಯೋಧರ ಕುಟುಂಬಗಳಿಗೆ ನೆರವಾಗುವ ಆಸೆ ಇದ್ದರೆ 1962ರಲ್ಲಿ ಶುರುವಾದ ರಾಷ್ಟ್ರೀಯ ರಕ್ಷಣಾ ನಿಧಿ ಇದೆ, ಡಿಸೆಂಬರ್ 7ರ ಧ್ವಜ ದಿನದ ನಿಧಿ ಇದೆ. ಎರಡೂ ಯೋಧರ ಮತ್ತು ಅವರ ಮನೆಯವರ ಕಲ್ಯಾಣಕ್ಕೆ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಕೇಳಿ, ಖಾತೆ ಸಂಖ್ಯೆಯನ್ನು ಅಲ್ಲೇ ಪಡೆಯಿರಿ.

ನಮ್ಮೂರ ಶಾಲೆ ಮಳೆ ಬಂದ್ರೆ ಸೋರುತ್ತೆ. ಆ ದುಡ್ಡೇ ಅಲ್ವಾ ಗಡಿಗೆ ಹೋಗಿರೋದು?

ನೇರವಾಗಿ ಅಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೆಲಸಗಳನ್ನು ಹಂಚಿದ್ದಾರೆ. ರಕ್ಷಣೆ ಪೂರ್ತಿ ಕೇಂದ್ರದ್ದು. ಸಾರ್ವಜನಿಕ ಆರೋಗ್ಯ, ಕೃಷಿ, ನೀರು ರಾಜ್ಯದ್ದು. ಶಿಕ್ಷಣ ಮೊದಲು ರಾಜ್ಯದ್ದಾಗಿತ್ತು, 1976ರ 42ನೇ ತಿದ್ದುಪಡಿಯ ನಂತರ ಇಬ್ಬರದ್ದೂ ಆಯಿತು. ಆದರೂ ಸರ್ಕಾರಿ ಶಾಲೆಯ ಮೇಷ್ಟ್ರ ಸಂಬಳ, ಕಟ್ಟಡ, ರಿಪೇರಿಯ ದೊಡ್ಡ ಭಾರ ರಾಜ್ಯದ ಮೇಲೇ ಇದೆ. 2025-26ರ ಕರ್ನಾಟಕ ಬಜೆಟ್ 4.09 ಲಕ್ಷ ಕೋಟಿ. ಅದರಲ್ಲಿ ಶಿಕ್ಷಣಕ್ಕೆ 45,286 ಕೋಟಿ, ಆರೋಗ್ಯಕ್ಕೆ 17,473 ಕೋಟಿ ಇಟ್ಟಿದ್ದಾರೆ. ಚಾವಣಿಯ ಪ್ರಶ್ನೆ ಹೋಗಬೇಕಾದದ್ದು ಮೊದಲು ಶಾಲಾಭಿವೃದ್ಧಿ ಸಮಿತಿಗೆ (ಎಸ್‌ಡಿಎಂಸಿ), ಬಿಇಒ ಕಚೇರಿಗೆ, ಶಾಸಕರಿಗೆ.

ಹಾಗಂತ ಸಂಬಂಧವೇ ಇಲ್ಲ ಅನ್ನಲಾರೆ. ಕೇಂದ್ರದ ತೆರಿಗೆಯಲ್ಲಿ ಹಂಚಬೇಕಾದ ಭಾಗದ ಶೇ 41 ರಾಜ್ಯಗಳಿಗೆ ಸಿಗುತ್ತದೆ. ರಾಜ್ಯಗಳಿಗೆ ಸಿಗುವ ಆ ಹಣದಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇತ್ತು, 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. ನಮ್ಮ ಶಾಲೆಯ ಚಾವಣಿಗೆ ಹೆಚ್ಚು ಹತ್ತಿರದ ಅಂಕಿ ಇದು.

## ನಮ್ಮ ಜಿಲ್ಲೆಗಳ ಪ್ರಶ್ನೆಗಳು

ರಫೇಲ್‌ಗೆ ದುಡ್ಡಿದೆ, ಎತ್ತಿನಹೊಳೆಗೆ ಇಲ್ಲ. ಇದ್ಯಾವ ನ್ಯಾಯ?

ಸಾವಿರ ಅಡಿ ಕೊರೆದರೂ ನೀರು ಬಾರದ ಕಡೆ ನಿಂತು ಕೇಳಿದ ಪ್ರಶ್ನೆ ಇದು. ಕೋಪಕ್ಕೆ ಕಾರಣವಿದೆ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

2016ರಲ್ಲಿ ಸಹಿಯಾದ 36 ರಫೇಲ್ ಯುದ್ಧವಿಮಾನಗಳ ಒಪ್ಪಂದ ಸುಮಾರು 59,000 ಕೋಟಿಯದು. ಸಕಲೇಶಪುರದ ಕಡೆಯ ನೀರನ್ನು ನಮ್ಮ ಜಿಲ್ಲೆಗಳಿಗೆ ತರುವ ಎತ್ತಿನಹೊಳೆ ಯೋಜನೆಯ ಅಂದಾಜು 2012ರಲ್ಲಿ 8,323 ಕೋಟಿ ಇತ್ತು. ಆಮೇಲೆ 12,912 ಕೋಟಿ ಆಯಿತು. ಈಗ 23,251 ಕೋಟಿಗೆ ಬಂದಿದೆ. 2014ರಲ್ಲಿ ಶಂಕುಸ್ಥಾಪನೆಯಾದ ಯೋಜನೆಯ ಮೊದಲ ಹಂತಕ್ಕೆ ಸಕಲೇಶಪುರದಲ್ಲಿ ಚಾಲನೆ ಸಿಕ್ಕಿದ್ದು 2024ರ ಸೆಪ್ಟೆಂಬರ್ 6ರಂದು. ತಡವಾದದ್ದು ದುಡ್ಡಿನ ಕಾರಣಕ್ಕೆ ಮಾತ್ರವಲ್ಲ. ಅರಣ್ಯ ಜಮೀನಿನ ಒಪ್ಪಿಗೆ, ಭೂಸ್ವಾಧೀನ, ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲು ಜಲಾಶಯಕ್ಕೆ ರೈತರ ವಿರೋಧ, ವಿನ್ಯಾಸದ ಬದಲಾವಣೆ, ಎಲ್ಲ ಸೇರಿವೆ. ಜೊತೆಗೆ ಇದು ರಾಜ್ಯದ ಹಣದ ಯೋಜನೆ. ರಫೇಲ್ ಕೊಳ್ಳದಿದ್ದರೆ ಆ ಹಣ ತಾನಾಗಿ ಸಕಲೇಶಪುರಕ್ಕೆ ಬರುತ್ತಿರಲಿಲ್ಲ.

ಕೇಂದ್ರವನ್ನು ಕೇಳಲೇಬೇಕಾದ ಯೋಜನೆ ಬೇರೆ ಇದೆ. 2023-24ರ ಕೇಂದ್ರ ಬಜೆಟ್‌ನಲ್ಲಿ ಭದ್ರಾ ಮೇಲ್ದಂಡೆಗೆ 5,300 ಕೋಟಿ ನೆರವು ಘೋಷಣೆಯಾಯಿತು. ಚಿತ್ರದುರ್ಗದ ಜೊತೆಗೆ ಶಿರಾ, ಪಾವಗಡ, ಚಿಕ್ಕನಾಯಕನಹಳ್ಳಿಗೂ ಅದರ ನೀರು ಬೇಕು. ಹಣ ಬಿಡುಗಡೆಯಾಗಿಲ್ಲ ಅಂತ ರಾಜ್ಯ ಸರ್ಕಾರ ವರ್ಷಗಳಿಂದ ದೂರುತ್ತಿದೆ. ಹಣಕಾಸು ಸಚಿವರು ಸಂಸತ್ತಿನಲ್ಲಿ ಓದಿದ ಅಂಕಿ ಅದು. ಸೈನ್ಯಕ್ಕೆ ಹೀಗೆ ಘೋಷಿಸಿದ ಹಣ ವರ್ಷಗಟ್ಟಲೆ ಬರದಿದ್ದರೆ ದೇಶವೇ ಕೇಳುತ್ತಿತ್ತು.

ಗುಬ್ಬಿ ಹತ್ತಿರ ಹೆಲಿಕಾಪ್ಟರ್ ಫ್ಯಾಕ್ಟರಿ ಬಂತಲ್ಲ, ರಕ್ಷಣಾ ಖರ್ಚು ಜಾಸ್ತಿ ಆದ್ರೆ ನಮ್ಮ ಹುಡುಗರಿಗೆ ಕೆಲಸ ತಾನೆ?

ಸಿಗುತ್ತದೆ, ಆದರೆ ಎಷ್ಟು ಮತ್ತು ಯಾರಿಗೆ ಅಂತ ನೋಡಬೇಕು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆ ಜಾಗದಲ್ಲಿ ಎಚ್‌ಎಎಲ್ ಕಾರ್ಖಾನೆ ಇದೆ. ಶಂಕುಸ್ಥಾಪನೆ 2016ರ ಜನವರಿಯಲ್ಲಿ, ಉದ್ಘಾಟನೆ 2023ರ ಫೆಬ್ರವರಿ 6ರಂದು. ಮೊದಲು ವರ್ಷಕ್ಕೆ 30 ಹೆಲಿಕಾಪ್ಟರ್, ಆಮೇಲೆ ಹಂತ ಹಂತವಾಗಿ 60, 90 ಅಂತ ಯೋಜನೆ. 2025ರ ಮಾರ್ಚ್‌ನಲ್ಲಿ 156 ‘ಪ್ರಚಂಡ್’ ಹೆಲಿಕಾಪ್ಟರ್‌ಗಳಿಗೆ 62,700 ಕೋಟಿಯ ಒಪ್ಪಂದವಾಯಿತು. 90 ಭೂಸೇನೆಗೆ, 66 ವಾಯುಪಡೆಗೆ. ಅವು ತಯಾರಾಗುವುದು ಬೆಂಗಳೂರು ಮತ್ತು ತುಮಕೂರಿನಲ್ಲಿ. ಜಿಲ್ಲೆಗೆ ಇದು ಹೆಮ್ಮೆಯ ವಿಷಯ.

ಆದರೆ ವಿಮಾನದ ಕೆಲಸಕ್ಕೆ ಕೈ ಕಡಿಮೆ ಬೇಕು, ಕಸುಬು ಜಾಸ್ತಿ ಬೇಕು. ಐಟಿಐ ಫಿಟ್ಟರ್, ಟರ್ನರ್, ಸಂಯುಕ್ತ ವಸ್ತುಗಳ ಕೆಲಸ ಕಲಿತವರು, ಡಿಪ್ಲೊಮಾ ಮಾಡಿದವರು ಬೇಕು. ಗುಬ್ಬಿ, ತುರುವೇಕೆರೆ, ತಿಪಟೂರಿನ ಐಟಿಐಗಳಲ್ಲಿ ಒಳ್ಳೆಯ ಯಂತ್ರ, ಒಳ್ಳೆಯ ಮೇಷ್ಟ್ರು ಇಲ್ಲದಿದ್ದರೆ ಗೇಟಿನೊಳಗಿನ ಕೆಲಸ ಹೊರಗಿನವರಿಗೆ ಸಿಗುತ್ತದೆ, ನಮ್ಮವರಿಗೆ ಸೆಕ್ಯುರಿಟಿ, ಕ್ಯಾಂಟೀನ್ ಕೆಲಸ ಉಳಿಯುತ್ತದೆ. ಹೆಲಿಕಾಪ್ಟರ್‌ಗೆ ಹಾಕಿದ ದುಡ್ಡಿನ ಫಲ ಊರಿಗೆ ಸಿಗಬೇಕಾದರೆ ಐಟಿಐಗೂ ದುಡ್ಡು ಹಾಕಬೇಕು.

ಇನ್ನೊಂದು ಮಾತು. ಬರೀ ಉದ್ಯೋಗಕ್ಕಾಗಿ ರಕ್ಷಣಾ ಖರ್ಚು ಮಾಡಬೇಕು ಅನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ಶಾಲೆ, ಆಸ್ಪತ್ರೆ, ಕೆರೆ ಕೆಲಸಕ್ಕೆ ಹಾಕಿದ ಅಷ್ಟೇ ಹಣ ಹೆಚ್ಚು ಜನರಿಗೆ ಕೆಲಸ ಕೊಡುತ್ತದೆ. ಹೆಲಿಕಾಪ್ಟರ್ ಬೇಕಾಗಿರುವುದು ಎತ್ತರದ ಗಡಿಯಲ್ಲಿ ಹಾರುವುದಕ್ಕೆ. ಕೊಳ್ಳುವುದಕ್ಕೆ ಆ ಕಾರಣವೇ ಸಾಕು.

ಕೆಜಿಎಫ್ ಗಣಿ ನಡೆಸೋಕೆ ದುಡ್ಡಿಲ್ಲ ಅಂದ್ರು. ಅದೇ ಊರಲ್ಲಿ ಬೆಮಲ್ ಹೇಗೆ ನಡೀತಿದೆ?

ಎರಡೂ ಸಾರ್ವಜನಿಕ ಉದ್ಯಮ, ಆದರೆ ಗಳಿಸುವ ದಾರಿ ಬೇರೆ. ಭಾರತ್ ಗೋಲ್ಡ್ ಮೈನ್ಸ್‌ಗೆ ಆಳ ಹೆಚ್ಚಾದಂತೆ ಅದಿರಿನಲ್ಲಿ ಚಿನ್ನ ಕಡಿಮೆಯಾಯಿತು, ತೆಗೆಯುವ ಖರ್ಚು ಏರಿತು. ನಷ್ಟದ ಮೇಲೆ ನಷ್ಟವಾಗಿ 2001ರ ಫೆಬ್ರವರಿ 28ರಂದು ಮುಚ್ಚಿತು. 1964ರಲ್ಲಿ ಶುರುವಾದ ಬೆಮಲ್ ರಕ್ಷಣಾ ಸಚಿವಾಲಯದ ಕೆಳಗಿದೆ. ಕೆಜಿಎಫ್ ಘಟಕದಲ್ಲಿ ಬುಲ್ಡೋಜರ್, ಅಗೆಯುವ ಯಂತ್ರಗಳ ಜೊತೆಗೆ ಸೈನ್ಯದ ಸಲಕರಣೆಗಳೂ ತಯಾರಾಗುತ್ತವೆ. ಆರ್ಡರ್ ಬಂದರೆ ನಡೆಯುತ್ತದೆ.

ಗಣಿ ಮುಚ್ಚಿದ್ದು ತಪ್ಪೋ ಸರಿಯೋ ಅನ್ನುವುದಕ್ಕಿಂತ, ಮುಚ್ಚಿದ ಮೇಲೆ ಆ ಕುಟುಂಬಗಳಿಗೆ ಬೇರೆ ಬದುಕು ಕಟ್ಟಿಕೊಡಲು ಹಣ ಇಡಲಿಲ್ಲ ಅನ್ನುವುದೇ ನನ್ನ ಸಂಕಟ. ಆ ಜನ ಇವತ್ತಿಗೂ ಬೆಳಗಿನ ರೈಲು ಹಿಡಿದು ಕೂಲಿಗೆ ಬೆಂಗಳೂರಿಗೆ ಹೋಗಿ ಬರುತ್ತಾರೆ.

ಮಗ ಅಗ್ನಿವೀರ್ ಆಗ್ತೀನಿ ಅಂತಾನೆ. ಇದು ಪಿಂಚಣಿ ಉಳಿಸೋಕೆ ಮಾಡಿದ್ದು ಅಂತಾರಲ್ಲ, ನಿಜವಾ?

ಸರ್ಕಾರ ಹೇಳುವ ಕಾರಣ ಸೈನ್ಯದ ಸರಾಸರಿ ವಯಸ್ಸು ಇಳಿಸುವುದು. ಆದರೆ ಲೆಕ್ಕ ನೋಡಿದರೆ ಪಿಂಚಣಿ ಉಳಿತಾಯವೂ ಆಗುತ್ತದೆ, ಅದನ್ನು ಮುಚ್ಚಿಡಬೇಕಾಗಿಲ್ಲ. 2014ರ ಜುಲೈಯಿಂದ ಅನ್ವಯವಾಗುವಂತೆ ಒಂದೇ ಶ್ರೇಣಿ, ಒಂದೇ ಪಿಂಚಣಿ ಬಂದ ಮೇಲೆ ಪಿಂಚಣಿ ವೆಚ್ಚ ಜಿಗಿಯಿತು. ಅಗ್ನಿವೀರರನ್ನು ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆ ಬಂದದ್ದು 2022ರ ಜೂನ್‌ನಲ್ಲಿ.

ಮನೆಯವರು ತಿಳಿಯಬೇಕಾದದ್ದು ಇಷ್ಟು. ಸೇವೆ ನಾಲ್ಕು ವರ್ಷ. ತಿಂಗಳಿಗೆ ಮೊದಲ ವರ್ಷ 30,000 ರೂಪಾಯಿ, ನಾಲ್ಕನೇ ವರ್ಷ 40,000. ಅದರಲ್ಲಿ ಶೇ 30 ಸೇವಾ ನಿಧಿಗೆ ಕಡಿತ, ಅಷ್ಟೇ ಮೊತ್ತ ಸರ್ಕಾರದಿಂದ. ಕೊನೆಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ. ಪಿಂಚಣಿ ಇಲ್ಲ. ನೂರರಲ್ಲಿ 25 ಜನರವರೆಗೆ ಮಾತ್ರ ಕಾಯಂ ಆಗುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಉಳಿತಾಯ ತಪ್ಪಲ್ಲ. ಆದರೆ ಹೊರಬರುವ 75 ಜನರಿಗೆ ಗಟ್ಟಿಯಾದ ಮುಂದಿನ ದಾರಿ ಇಲ್ಲದಿದ್ದರೆ, ಸರ್ಕಾರದ ಲೆಕ್ಕದಿಂದ ಇಳಿದ ಭಾರ ಆ ಮನೆಗಳ ಮೇಲೆ ಕೂರುತ್ತದೆ. ಮಗನನ್ನು ತಡೆಯಬೇಡಿ. ಸೇವೆಯ ಜೊತೆಗೇ ಓದು ಮುಂದುವರಿಸಲು ಹೇಳಿ.

ಗ್ಯಾರಂಟಿ ಯೋಜನೆಗಳಿಂದ ಸೈನ್ಯಕ್ಕೆ ದುಡ್ಡು ಕಮ್ಮಿ ಆಗ್ತಿದೆಯಂತೆ?

ಇಲ್ಲ. ಗೃಹಲಕ್ಷ್ಮಿ, ಶಕ್ತಿ, ಅನ್ನಭಾಗ್ಯ ಸೇರಿ ಐದು ಗ್ಯಾರಂಟಿಗಳ ಸುಮಾರು 51,000 ಕೋಟಿ ರಾಜ್ಯದ 2025-26ರ ಬಜೆಟ್‌ನದು. ಸೈನ್ಯದ್ದು ಕೇಂದ್ರದ್ದು. ಗ್ಯಾರಂಟಿಗಳಿಂದ ರಾಜ್ಯದ ರಸ್ತೆ, ನೀರಾವರಿಗೆ ಕಮ್ಮಿ ಆಗುತ್ತಿದೆಯಾ ಅಂತ ಕೇಳಿದರೆ ಅದು ಸರಿಯಾದ ಪ್ರಶ್ನೆ.

## ಸ್ವಲ್ಪ ಆಳಕ್ಕೆ ಹೋದರೆ

ಒಂದು ಕಡೆ ಪಾಕಿಸ್ತಾನ, ಇನ್ನೊಂದು ಕಡೆ ಚೀನಾ. ಜಿಡಿಪಿಯ ಶೇ 3 ಆದ್ರೂ ಬೇಡ್ವಾ?

ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯೇ ಶೇ 3 ಬೇಕು ಅಂತ ಹೇಳಿದೆ. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಹೋಲಿಕೆ ನೋಡಿ. ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಚೀನಾ ಸೈನ್ಯಕ್ಕೆ ಸುಮಾರು 314 ಶತಕೋಟಿ ಡಾಲರ್ ಖರ್ಚು ಮಾಡಿತು. ಭಾರತ 86 ಶತಕೋಟಿ, ಪಾಕಿಸ್ತಾನ ಸುಮಾರು 10 ಶತಕೋಟಿ. ಚೀನಾದ ಖರ್ಚು ಅದರ ಜಿಡಿಪಿಯ ಶೇ 1.7 ಮಾತ್ರ. ಅದೇ ಸಂಸ್ಥೆಯ ಲೆಕ್ಕದಲ್ಲಿ ನಮ್ಮದು ಶೇ 2.3, ಪಾಕಿಸ್ತಾನದ್ದು ಶೇ 2.7. (ಸಿಪ್ರಿ ಅರೆಸೈನಿಕ ಪಡೆಗಳನ್ನೂ ಸೇರಿಸುವುದರಿಂದ ಬಜೆಟ್ ಅಂಕಿಗಿಂತ ಇದು ಜಾಸ್ತಿ.)

ಹಾಗಾದರೆ ಚೀನಾದ ಬಲ ಎಲ್ಲಿಂದ ಬಂತು? ಅದರ ಆರ್ಥಿಕತೆ ನಮ್ಮದರ ನಾಲ್ಕೈದು ಪಟ್ಟು ದೊಡ್ಡದು. ಚಿಕ್ಕ ಪಾಲು ತೆಗೆದರೂ ಕೈಗೆ ಬರುವ ಹಣ ದೊಡ್ಡದು. ಆ ಆರ್ಥಿಕತೆ ಬೆಳೆದದ್ದು ಓದಿದ, ಆರೋಗ್ಯವಾಗಿರುವ ಕಾರ್ಮಿಕರಿಂದ. ಪಾಕಿಸ್ತಾನ ನಮಗಿಂತ ದೊಡ್ಡ ಪಾಲನ್ನು ಸೈನ್ಯಕ್ಕೆ ಕೊಟ್ಟು ಸಾಲಕ್ಕಾಗಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಬಾಗಿಲಿಗೆ ಪದೇ ಪದೇ ಹೋಗುತ್ತಿದೆ. ಶಾಲೆ, ಆಸ್ಪತ್ರೆಯ ಖರ್ಚು ರಕ್ಷಣೆಗೆ ಎದುರಾಳಿ ಅಂತ ಮಾತಾಡುವುದನ್ನು ಬಿಡೋಣ. ಇಪ್ಪತ್ತು ವರ್ಷದ ನಂತರದ ಸೈನ್ಯಕ್ಕೆ ದುಡ್ಡು ಬರುವುದು ಇವತ್ತಿನ ಶಾಲೆಯಿಂದಲೇ.

1962ರಲ್ಲಿ ಕೈ ಬಿಗಿ ಹಿಡಿದು ಸೋತೆವು. ಮತ್ತೆ ಅದೇ ಆಗಲ್ವಾ?

1962ರ ಮುಂಚೆ ಖರ್ಚು ಕಡಿಮೆ ಇತ್ತು, ನಿಜ. ಎತ್ತರದ ಚಳಿಗೆ ಬೇಕಾದ ಬಟ್ಟೆ ಇರಲಿಲ್ಲ, ಗಡಿಗೆ ರಸ್ತೆ ಇರಲಿಲ್ಲ. ಆದರೆ ಗುಪ್ತಚರ ಮಾಹಿತಿಯ ಕೊರತೆ, ನಾಯಕತ್ವದ ತಪ್ಪು ತೀರ್ಮಾನಗಳೂ ಅಷ್ಟೇ ಕಾರಣ. ಯುದ್ಧದ ನಂತರ ಖರ್ಚು ಒಂದೆರಡು ವರ್ಷದಲ್ಲೇ ಎರಡು ಪಟ್ಟಿನ ಹತ್ತಿರ ಹೋಯಿತು, ಹೊಸ ಪರ್ವತ ಡಿವಿಷನ್‌ಗಳು ಬಂದವು. ಗಾಬರಿಯಲ್ಲಿ ಒಮ್ಮೆಲೇ ಸುರಿಯುವುದಕ್ಕಿಂತ ಪ್ರತಿವರ್ಷ ಖಚಿತವಾಗಿ ಕೊಡುವುದು ಸೈನ್ಯಕ್ಕೂ ಒಳ್ಳೆಯದು. 1962 ನನಗೆ ಕಲಿಸಿದ್ದು ಅದನ್ನೇ.

ದುಡ್ಡು ಕೊಟ್ರೆ ಸಾಕಾ? ವಿಮಾನ ಬರ್ತಿಲ್ಲ ಅಂತಾರಲ್ಲ?

ಸಾಲದು. ವಾಯುಪಡೆಗೆ ಮಂಜೂರಾಗಿರುವುದು 42 ಸ್ಕ್ವಾಡ್ರನ್, ಅಂದರೆ ಯುದ್ಧವಿಮಾನಗಳ ತಂಡ. 2025ರ ಸೆಪ್ಟೆಂಬರ್ 26ರಂದು ಮಿಗ್-21 ನಿವೃತ್ತಿಯಾದ ಮೇಲೆ ಉಳಿದದ್ದು 29. 83 ತೇಜಸ್ ಮಾರ್ಕ್-1ಎ ವಿಮಾನಗಳಿಗೆ 2021ರ ಫೆಬ್ರವರಿಯಲ್ಲೇ ಒಪ್ಪಂದವಾಗಿತ್ತು. ಆದರೆ ಅಮೆರಿಕದ ಎಂಜಿನ್ ಬರುವುದು ತಡವಾಯಿತು. ಮೊದಲ ಎಂಜಿನ್ ಕೈಸೇರಿದ್ದೇ 2025ರ ಮಾರ್ಚ್‌ನಲ್ಲಿ. ಎಂಜಿನ್ ನಾವೇ ಮಾಡಲಾಗದಿದ್ದರೆ ಬಜೆಟ್ ಎಷ್ಟು ಏರಿಸಿದರೂ ವಿಮಾನ ಕಾಯುತ್ತದೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ ಸಿಕ್ಕಿರುವುದು 26,816 ಕೋಟಿ. ಸಂಶೋಧನೆಗೆ ಇನ್ನೂ ಕೊಡಬೇಕು, ಜೊತೆಗೆ ಕಾಲಮಿತಿಯನ್ನೂ ಕೇಳಬೇಕು.

ರಕ್ಷಣೆಗೆ ಶೇ 3, ಶಿಕ್ಷಣಕ್ಕೆ ಶೇ 6, ಆರೋಗ್ಯಕ್ಕೆ ಶೇ 2.5. ಎಲ್ಲಾ ಕೊಟ್ಟುಬಿಟ್ರೆ ಆಯ್ತಲ್ಲ?

ಮೂರೂ ಒಳ್ಳೆಯ ಗುರಿಗಳೇ. ಶಿಕ್ಷಣಕ್ಕೆ ಶೇ 6 ಅನ್ನುವುದು 1964-66ರ ಕೊಠಾರಿ ಆಯೋಗದ ಕಾಲದ ಮಾತು. 2020ರ ಶಿಕ್ಷಣ ನೀತಿಯೂ ಅದನ್ನೇ ಹೇಳಿತು. ಆರೋಗ್ಯಕ್ಕೆ ಶೇ 2.5 ಅನ್ನುವುದು 2017ರ ಆರೋಗ್ಯ ನೀತಿ 2025ಕ್ಕೆ ಇಟ್ಟ ಗುರಿ. ಕೂಡಿದರೆ ಶೇ 11.5. ಕೇಂದ್ರದ ಒಟ್ಟು ತೆರಿಗೆ ಜಿಡಿಪಿಯ ಸುಮಾರು ಶೇ 12. ರಾಜ್ಯಗಳಿಗೆ ಪಾಲು ಕೊಟ್ಟ ಮೇಲೆ ಕೇಂದ್ರದ ಕೈಯಲ್ಲಿ ಉಳಿಯುವುದು ಸುಮಾರು ಶೇ 8. ಶಿಕ್ಷಣ, ಆರೋಗ್ಯದಲ್ಲಿ ರಾಜ್ಯಗಳು ದೊಡ್ಡ ಭಾಗ ಹೊರುತ್ತವೆ ಅನ್ನುವುದನ್ನು ಸೇರಿಸಿಕೊಂಡರೂ ಬಡ್ಡಿ, ಪಡಿತರ, ಗೊಬ್ಬರದ ಸಬ್ಸಿಡಿ, ರೈಲು, ರಸ್ತೆ ಎಲ್ಲಿಂದ? ಹೆಚ್ಚು ತೆರಿಗೆ ಯಾರಿಂದ ಅಂತ ಹೇಳದೆ ಹೆಚ್ಚು ಖರ್ಚಿನ ಮಾತು ಕೊಡುವ ಯಾವ ಪಕ್ಷದ ಪ್ರಣಾಳಿಕೆಯನ್ನೂ ನಾನು ನಂಬುವುದಿಲ್ಲ.

ಬಜೆಟ್‌ನಲ್ಲಿ ಹೇಳಿದ್ದು ನಿಜವಾಗ್ಲೂ ಖರ್ಚಾಗುತ್ತಾ?

ಇಡೀ ಪಟ್ಟಿಯಲ್ಲಿ ಎಲ್ಲಕ್ಕಿಂತ ಕಡಿಮೆ ಜನ ಕೇಳುವ, ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಫೆಬ್ರವರಿಯಲ್ಲಿ ಓದುವುದು ಬಜೆಟ್ ಅಂದಾಜು. ಮುಂದಿನ ಫೆಬ್ರವರಿಯಲ್ಲಿ ಅದೇ ವರ್ಷದ ಪರಿಷ್ಕೃತ ಅಂದಾಜು ಬರುತ್ತದೆ. ನಿಜವಾದ ಖರ್ಚು ಗೊತ್ತಾಗುವುದು ಇನ್ನೂ ಒಂದು ವರ್ಷದ ನಂತರ.

2024-25ನ್ನು ನೋಡಿ. ಸೈನ್ಯದ ಬಂಡವಾಳ ವೆಚ್ಚಕ್ಕೆ 1.72 ಲಕ್ಷ ಕೋಟಿ ಇಟ್ಟಿದ್ದರು. ಪರಿಷ್ಕರಿಸಿದಾಗ 1,59,500 ಕೋಟಿಗೆ ಇಳಿಯಿತು. ಶೇ 7ರಷ್ಟು ಕಡಿತ. ಅದೇ ವರ್ಷ ಮನೆ ಮನೆಗೆ ನಲ್ಲಿ ನೀರು ಕೊಡುವ ಜಲಜೀವನ್ ಮಿಷನ್‌ಗೆ 70,163 ಕೋಟಿ ಇಟ್ಟಿದ್ದರು. ಪರಿಷ್ಕರಿಸಿದಾಗ ಅದು 22,694 ಕೋಟಿ. ಮೂರರಲ್ಲಿ ಎರಡು ಭಾಗ ಹೋಯಿತು. 2019ರಲ್ಲಿ ಶುರುವಾಗಿ 2024ಕ್ಕೆ ಮುಗಿಯಬೇಕಿದ್ದ ಮಿಷನ್ ಇದು. 2028ರವರೆಗೆ ವಿಸ್ತರಣೆ ಅಂತ 2025ರ ಫೆಬ್ರವರಿಯಲ್ಲಿ ಘೋಷಿಸಿದರು.

ಪಾವಗಡ, ಬಾಗೇಪಲ್ಲಿಯ ಫ್ಲೋರೈಡ್ ನೀರು ಕುಡಿಯುವ ಊರುಗಳಿಗೆ ಈ ಅಂಕಿಯ ಅರ್ಥ ಏನು ಅಂತ ಯೋಚಿಸಿ. ಪೈಪು ಹೂತು, ನಲ್ಲಿ ನಿಲ್ಲಿಸಿ, ನೀರು ಬಾರದೆ ನಿಂತ ಬೀದಿಗಳು ನಮ್ಮಲ್ಲಿವೆ. ರಾಜ್ಯವೂ ಅರ್ಧ ಹಾಕಬೇಕಾದ ಯೋಜನೆ, ಹಾಗಾಗಿ ಇಬ್ಬರೂ ಹೊಣೆ. ಆದರೆ ಒಂದೇ ವರ್ಷದಲ್ಲಿ 47,000 ಕೋಟಿಗೂ ಹೆಚ್ಚು ಇಳಿದಾಗ ಎಷ್ಟು ಕಡೆ ಚರ್ಚೆಯಾಯಿತು? ಆದ್ಯತೆ ಗೊತ್ತಾಗುವುದು ಹೀಗೆ: ಹಣ ಕಡಿಮೆ ಬಿದ್ದಾಗ ಮೊದಲು ಯಾವ ಸಾಲಿಗೆ ಕತ್ತರಿ ಬೀಳುತ್ತದೆ, ಅದಕ್ಕೆ ಎಷ್ಟು ಜನ ಸದ್ದು ಮಾಡುತ್ತಾರೆ ಅನ್ನುವುದರಿಂದ.

ಸೈನ್ಯದ ಲೆಕ್ಕ ಕೇಳೋದು ದೇಶಕ್ಕೆ ದ್ರೋಹ ಅಲ್ವಾ?

ಖಂಡಿತ ಅಲ್ಲ. ಯಾವ ಗಡಿಯಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದು ಗುಟ್ಟಾಗಿರಬೇಕು. ಬೂಟಿಗೆ ಕೊಟ್ಟ ದುಡ್ಡಿಗೆ ಬೂಟು ಬಂತಾ ಅನ್ನುವುದು ಗುಟ್ಟಲ್ಲ. 2020ರ ಫೆಬ್ರವರಿಯಲ್ಲಿ ಸಂಸತ್ತಿನ ಮುಂದೆ ಬಂದ ಸಿಎಜಿ (ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರು) ವರದಿ, ಸಿಯಾಚಿನ್‌ನಂಥ ಎತ್ತರದ ಜಾಗಗಳಲ್ಲಿ ಹಿಮದ ಕನ್ನಡಕ, ಬೂಟುಗಳ ಕೊರತೆ ಇತ್ತು ಅಂತ ಹೇಳಿತು. 2017ರ ವರದಿ, ಶೇ 40ರಷ್ಟು ಬಗೆಯ ಮದ್ದುಗುಂಡು ಹತ್ತು ದಿನದ ಯುದ್ಧಕ್ಕೂ ಸಾಲುವಷ್ಟಿರಲಿಲ್ಲ ಅಂತ ತೋರಿಸಿತು. ಈ ಪ್ರಶ್ನೆಗಳನ್ನು ಕೇಳಿದ್ದರಿಂದ ಒಳ್ಳೆಯದಾಗುವುದು ಅಲ್ಲಿ ನಿಂತ ಯೋಧನಿಗೇ.

ಸಂಸತ್ತಿನಲ್ಲಿ ಇದನ್ನೆಲ್ಲ ಯಾರಾದ್ರೂ ಓದ್ತಾರಾ?

ಸ್ಥಾಯಿ ಸಮಿತಿ ಓದುತ್ತದೆ, ವರದಿ ಕೊಡುತ್ತದೆ, ಆ ವರದಿಗಳು ಸಾರ್ವಜನಿಕ. ಸದನದಲ್ಲಿ ಮಾತ್ರ ಸಮಯ ಸಾಲುವುದಿಲ್ಲ. ಪ್ರತಿವರ್ಷ ಕೆಲವೇ ಸಚಿವಾಲಯಗಳ ಅನುದಾನದ ಬೇಡಿಕೆಗಳು ಚರ್ಚೆಯಾಗುತ್ತವೆ. ಉಳಿದವನ್ನು ಒಟ್ಟಿಗೆ ಮತಕ್ಕೆ ಹಾಕುತ್ತಾರೆ, ಇದಕ್ಕೆ ಗಿಲೊಟಿನ್ ಅನ್ನುತ್ತಾರೆ. 2018ರಲ್ಲಿ ಲೋಕಸಭೆ ಎಲ್ಲ ಬೇಡಿಕೆಗಳನ್ನೂ ಚರ್ಚೆಯಿಲ್ಲದೆ ಹೀಗೇ ಒಪ್ಪಿತು. ರಕ್ಷಣೆ, ಕುಡಿಯುವ ನೀರು, ಆರೋಗ್ಯ ಈ ಮೂರಾದರೂ ಪ್ರತಿವರ್ಷ ಕಡ್ಡಾಯವಾಗಿ ಚರ್ಚೆಯಾಗಬೇಕು ಅಂತ ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ನೀವೇ ಹಣಕಾಸು ಮಂತ್ರಿ ಆಗಿದ್ರೆ ಏನು ಮಾಡ್ತಿದ್ರಿ?

ರಕ್ಷಣೆಗೆ ಜಿಡಿಪಿಯ ಶೇ 2ರ ಆಸುಪಾಸು ಕೊಡುತ್ತಿದ್ದೆ. ಒಳಗಿನ ಹಂಚಿಕೆ ಬದಲಿಸಿ ಹೊಸ ಸಲಕರಣೆ ಮತ್ತು ಸಂಶೋಧನೆಯ ಪಾಲನ್ನು ನಿಧಾನವಾಗಿ ಏರಿಸುತ್ತಿದ್ದೆ. 15ನೇ ಹಣಕಾಸು ಆಯೋಗ 2021-26ಕ್ಕೆ 2,38,354 ಕೋಟಿಯ ಆಧುನೀಕರಣ ನಿಧಿಯನ್ನು ಸೂಚಿಸಿತ್ತು. ವರ್ಷದ ಕೊನೆಗೆ ಉಳಿದ ಹಣ ವಾಪಸ್ ಹೋಗದಂಥ ನಿಧಿ ಅದು. ಅಂಥದ್ದು ಬೇಕು. ವಿಮಾನ ಕೊಳ್ಳುವ ಕೆಲಸ ಮಾರ್ಚ್ 31ಕ್ಕೆ ಮುಗಿಯುವುದಿಲ್ಲ.

ಅದೇ ನಿಯಮ ಕುಡಿಯುವ ನೀರಿಗೂ ಬೇಕು. ಪೈಪ್‌ಲೈನ್ ಕೆಲಸವೂ ಮಾರ್ಚ್ 31ಕ್ಕೆ ಮುಗಿಯುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರ, ಕುಡಿಯುವ ನೀರು, ಎಳೆಯ ಮಕ್ಕಳ ಊಟ ಮತ್ತು ಓದು, ಇವುಗಳ ಹಣವನ್ನು ವರ್ಷದ ಮಧ್ಯೆ ಕಡಿಯುವುದಾದರೆ ಸದನದಲ್ಲಿ ಕಾರಣ ಹೇಳಿ ಒಪ್ಪಿಗೆ ಪಡೆಯಬೇಕು ಅಂತ ಕಾನೂನು ತರುತ್ತಿದ್ದೆ.

ಸರಿ, ನಾವು ಊರಲ್ಲಿ ಕೂತು ಯಾರನ್ನ ಏನು ಕೇಳಬೇಕು?

ಅಂಗನವಾಡಿ, ಶಾಲೆ, ಬೀದಿ ನಲ್ಲಿಯ ವಿಷಯವಾದರೆ ಗ್ರಾಮಸಭೆ ಮತ್ತು ಶಾಸಕರು. ಕೇಂದ್ರದ ಹಣವಾದರೆ ಸಂಸದರು. 2024ರ ಚುನಾವಣೆಯ ನಂತರ ತುಮಕೂರಿನ ಸಂಸದ ವಿ. ಸೋಮಣ್ಣ ಜಲಶಕ್ತಿ ಇಲಾಖೆಯ ರಾಜ್ಯ ಸಚಿವರಾದರು. ಸಚಿವರು ಸದನದಲ್ಲಿ ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ಹಾಗಾಗಿ ತುಮಕೂರಿನವರು ಅವರಿಗೆ ನೇರವಾಗಿ ಮನವಿ ಕೊಡಬಹುದು. ಕೋಲಾರ, ಚಿಕ್ಕಬಳ್ಳಾಪುರದವರು ತಮ್ಮ ಸಂಸದರ ಮೂಲಕ ಲಿಖಿತ ಪ್ರಶ್ನೆ ಹಾಕಿಸಬಹುದು. ಉತ್ತರ ದಾಖಲೆಯಲ್ಲಿ ಉಳಿಯುತ್ತದೆ.

ಪ್ರಶ್ನೆ ಬರೆಯುವಾಗ ಜಿಲ್ಲೆಯ ಹೆಸರು, ಯೋಜನೆಯ ಹೆಸರು, ವರ್ಷ ಹಾಕಿ. ಬಜೆಟ್ ಅಂದಾಜು ಎಷ್ಟು, ಪರಿಷ್ಕೃತ ಅಂದಾಜು ಎಷ್ಟು, ಬಿಡುಗಡೆ ಎಷ್ಟು, ಖರ್ಚು ಎಷ್ಟು ಅಂತ ನಾಲ್ಕನ್ನೂ ಬೇರೆ ಬೇರೆ ಕೇಳಿ. ಕೇಂದ್ರ ಬಜೆಟ್‌ನ ಎಲ್ಲ ಕಡತಗಳೂ ಹಣಕಾಸು ಸಚಿವಾಲಯದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಪಿಯುಸಿ ಓದುವ ಮಗಳೋ ಮಗನೋ ಮನೆಯಲ್ಲಿದ್ದರೆ ಜೊತೆಗೆ ಕೂರಿಸಿಕೊಂಡು ಮೊದಲು ಜಲಶಕ್ತಿ ಸಚಿವಾಲಯದ ಪುಟ ತೆರೆಯಿರಿ, ಆಮೇಲೆ ರಕ್ಷಣಾ ಸಚಿವಾಲಯದ್ದು.